ಕಂಡಿ

ಪ್ರತಿ ಸಲವೂ ಬಿಡಿಸಿ ಹೇಳಬೇಕು
ಹಲ್ಲಿನ ಡಾಕ್ಟರಿಗೆ, ಗ್ಯಾಸ್ ಕಂಪನಿಯವರಿಗೆ,
ಲಿಂಕನ್ನಿನ ದಾಖಲೆ ಮನೆಯ ಈ ಹುಡುಗನಿಗೂ:
ಶಟ್‌ಗ್ಯಾಪ್. ಹೌದು, ಒಂದೇ ಪದ.
ಇಲ್ಲ, ತಮಾಷೆಯಲ್ಲ.

ಅಪ್ಪ ಹೇಳುತ್ತಿದ್ದದ್ದು ಬೇರೆ ಕಥೆ.
ಕ್ರಿಸ್‌ಮಸ್ಸಿನ ಹೆಬ್ಬಾತು ಕೊಯ್ಯುವ ಚೂರಿ ಎತ್ತಿ ಹಿಡಿದು
ಸಾರು ಆರುತ್ತಿದ್ದರೂ ಬಿಡದೆ:
ಒಂದು ರಾತ್ರಿ ಸಮುದ್ರ ಏರಿ ಒಡ್ಡು ಒಡೆದಾಗ
ನಮ್ಮ ಮೂಲಪುರುಷ ಆ ಕಂಡಿಗೆ ಬೆನ್ನು ಕೊಟ್ಟು
ಬೆಳಗಿನ ತನಕ ನಿಂತನಂತೆ.
ಅರಸನೇ ಬಂದು ಯಾರು ನೀನು ಎಂದನಂತೆ.
ಕಂಡಿ ಮುಚ್ಚಿದವನು, ಅಂದನಂತೆ. ಅಷ್ಟೇ.
ಅಲ್ಲಿಗೆ ಅಪ್ಪ ಒಂದು ಗಳಿಗೆ ಸುಮ್ಮನಾಗುತ್ತಿದ್ದ;
ಅಮ್ಮ ಆಲೂಗಡ್ಡೆ ಮುಂದೆ ತಳ್ಳುತ್ತಿದ್ದಳು.

ಶಾಲೆಯಲ್ಲಿ ನನ್ನ ಮುಂದಿನೆರಡು ಹಲ್ಲಿನ ನಡುವೆ ಸಂದಿಯಿತ್ತು.
ಉಳಿದದ್ದು ನೀವೇ ಊಹಿಸಿಕೊಳ್ಳಿ.

ಸ್ಪಂಜಿನ ದಿಂಬಿನ ಮೇಲೆ ಮಲಗಿಸಿದ ಚರ್ಮದ ಸುರುಳಿ,
ಕಂದಿದ ಶಾಯಿ, ಮುರುಕು ಲ್ಯಾಟಿನ್.
ಹುಡುಗ ತುತ್ತು ತುತ್ತಾಗಿ ಓದಿ ಹೇಳಿದ:
ಸ್ಕಾರ್ತ್‌ಬಿಯ ಆಸ್‌ಬರ್ಟ್, ತನ್ನ ಪಾಲಿನ ಬೇಲಿಯ ಕಂಡಿ
ಮುಚ್ಚದೆ ಬಿಟ್ಟದ್ದಕ್ಕೆ ದಂಡ ಎರಡು ಪೆನ್ನಿ.
ಮೂರು ಹಂದಿ ನುಗ್ಗಿ ಪಾದ್ರಿಯ ಬಟಾಣಿ ಮೇದವು.
ಮರುವರ್ಷ ಮತ್ತೆ ಎರಡು.
ಅದರಾಚೆಯ ವರ್ಷ ನಾಲ್ಕು.
ಐದನೆಯ ಸಲ ಗುಮಾಸ್ತ ಬೇಸತ್ತು
ಊರು ಕರೆದಂತೆಯೇ ಬರೆದುಕೊಂಡಿದ್ದಾನೆ,
ಅಷ್ಟು ಲ್ಯಾಟಿನ್ನಿನ ನಡುವೆ ಒಂದೇ ಒಂದು ಮಣ್ಣಿನ ಮಾತು:
ಆಸ್‌ಬರ್ಟ್ ಶಟ್‌ಗ್ಯಾಪ್.

ಬಿರುದಲ್ಲ. ಬೈಗುಳ.
ಹೊಲದಾಚೆಯಿಂದ ಬಾಯಿಗೆ ಅಂಗೈ ಕೊಟ್ಟು ಯಾರೋ ಕೂಗಿದ್ದು,
ಕಂಡಿ ಮುಚ್ಚೋ!
ಆ ಕೂಗು ಏಳುನೂರು ವರ್ಷ ನಡೆದು ಬಂದು
ನನ್ನ ಪಿಂಚಣಿ ಚೀಟಿಯ ಮೇಲೆ ಕೂತಿದೆ.

ಗಟ್ಟಿಯಾಗಿ ನಕ್ಕೆ. ಹುಡುಗ ಸುತ್ತ ನೋಡಿದ; ಇಲ್ಲಿ ನಗಬಾರದು.
ಅಪ್ಪನಿಗೆ ತಿಳಿದಿರಬೇಕಿತ್ತು. ಅಥವಾ ಬೇಡ.
ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು?

ಈ ಹೆಸರಿಗೆ ಇನ್ನು ನಾನೊಬ್ಬಳೇ.
ತಮ್ಮನ ಮಗಳು ಇಮೊಜೆನ್ ಮದುವೆಯ ದಿನವೇ
ಒದ್ದೆ ಕೋಟಿನಂತೆ ಕಳಚಿ ಮೊಳೆಗೆ ಹಾಕಿದಳು. ತಪ್ಪಿಲ್ಲ.

ಬಸ್ಸಿನಲ್ಲಿ ಮನೆಗೆ. ತಟ್ಟೆಯಂಥ ಬಯಲು,
ಎಲೆಕೋಸು, ಕಾಲುವೆ, ಎಲೆಕೋಸು.
ಬೇಲಿಗಳನ್ನು ಯಾವಾಗಲೋ ಕಿತ್ತಿದ್ದಾರೆ;
ಈಗ ಎಲ್ಲವೂ ಕಂಡಿಯೇ.
ಆ ಹಂದಿಗಳು ನುಗ್ಗುವ ಹೊತ್ತಿಗೆ ಆಸ್‌ಬರ್ಟ್ ಎಲ್ಲಿದ್ದ?
ನಿದ್ದೆಯೋ, ಹೆಣ್ಣೋ, ಮಗುವಿನ ಜ್ವರವೋ,
ಅದನ್ನು ಯಾರೂ ಬರೆದಿಡಲಿಲ್ಲ.

ರಾತ್ರಿ ಎರಡು ಸಲ ಟಾರ್ಚು ಹಿಡಿದು ಹೋಗಿ
ಕೋಳಿಗೂಡಿನ ಅಗುಳಿ ಮುಟ್ಟಿ ನೋಡಿ ಬಂದೆ.
ಹಾಕಿಯೇ ಇತ್ತು.
ಮೊದಲ ಸಲವೂ.