ಖಾಲಿ ಮೊಳೆ

ವಡಾಲಾದ ನಮ್ಮ ಮುನ್ಸಿಪಾಲ್ಟಿ ಶಾಲೆಗೆ
ಮೆಟ್ಟಿಲು ಒಂದೇ, ಭಾಷೆ ನಾಲ್ಕು.
ಕೆಳಗೆ ಮರಾಠಿ, ಅದರ ಮೇಲೆ ಉರ್ದು,
ಆಮೇಲೆ ತಮಿಳು. ತುತ್ತತುದಿಗೆ,
ತಾರಸಿಯ ಕಾವು ನೇರ ನೆತ್ತಿಗಿಳಿಯುವಲ್ಲಿ,
ಕನ್ನಡ.
ಮಕ್ಕಳು ಮೂವತ್ತೊಂದು, ಫ್ಯಾನು ಎರಡು,
ತಿರುಗುತ್ತಿದ್ದುದು ಒಂದೂ ಇಲ್ಲ.

ಕ್ಯಾಂಟೀನಿನ ಸಂಜೀವಣ್ಣ ಹೊಸ ಫ್ಯಾನು ತಂದರು,
ಜೊತೆಗೊಂದು ಪಟ.
ತಾವೇ ಸ್ಟೂಲು ಹತ್ತಿ ಮೊಳೆ ಹೊಡೆದರು
ಕರಿಹಲಗೆಯ ಮೇಲೆ, ನಟ್ಟನಡುವೆ.
ಬಂಗಾರದ ಕಟ್ಟು, ನಗುವ ದೇವರು.
ನಮ್ಮ ಮನೆದೇವರೇ.
ಕೈ ತಾನಾಗಿ ಮುಗಿದುಕೊಂಡಿತು,
ಸುಳ್ಳೇಕೆ ಹೇಳಲಿ.

ಅಂದಿನಿಂದ ಹಾಜರಿಗೆ ಮೊದಲು
ಒಂದು ಶ್ಲೋಕ, ಒಂದು ಆರತಿ. ಏಳು ನಿಮಿಷ.
ಅಂದಿನಿಂದಲೇ ರಿಹಾನಾ ಪಿಂಜಾರ
ಏಳು ನಿಮಿಷ ತಡ.

ಗದರಿದೆ. ಕೆಂಪು ಮಸಿಯಲ್ಲಿ 'ತ' ಎಂದು ಬರೆದೆ,
ಸಾಲಾಗಿ ಹದಿನಾರು 'ತ'.
ಗಾದಿ ಹೊಲೆಯುವ ಅಪ್ಪನನ್ನು ಕರೆಸಿದೆ.
ಹುಬ್ಬಿಗೆ ಹತ್ತಿ ಅಂಟಿಸಿಕೊಂಡೇ ಬಂದ.
"ಆರೂ ಮುಕ್ಕಾಲಕ್ಕ ಮನೀ ಬಿಡ್ತಾಳ್ರೀ ಬಾಯಾರ,
ನಡದ್ರ ಹತ್ತ ನಿಮಿಷದ ಹಾದಿ."

ಹದಿನೇಳನೆಯ ದಿನ
ಸೀಮೆಸುಣ್ಣ ತರಲು ಕೆಳಗಿಳಿದೆ.
ತಮಿಳಿಗೂ ಕನ್ನಡಕ್ಕೂ ನಡುವೆ
ಮೆಟ್ಟಿಲು ತಿರುಗುವ ಮೂಲೆಯಲ್ಲಿ
ಚೀಲ ಕಾಲಸಂದಿಗಿಟ್ಟು ನಿಂತಿದ್ದಳು.
ಮೇಲಿಂದ ಆರತಿ ಇಳಿಯುತ್ತಿತ್ತು.
ಇವಳ ತುಟಿ ಅಲುಗುತ್ತಿತ್ತು:
ಹದಿಮೂರೊಂದ್ಲೆ ಹದಿಮೂರು
ಹದಿಮೂರೆರಡ್ಲೆ ಇಪ್ಪತ್ತಾರು...
ಹತ್ತೊಂಬತ್ತರ ಮಗ್ಗಿ ಮುಗಿಯುವುದಕ್ಕೂ
ಮೇಲೆ ಗಂಟೆ ನಿಲ್ಲುವುದಕ್ಕೂ ಸರಿಹೋಯಿತು.
ನನ್ನನ್ನು ಕಂಡು ಹೆದರಲಿಲ್ಲ.
"ನನಗ ಆ ಹಾಡು ಬರೂದಿಲ್ರೀ ಬಾಯಾರ"
ಎಂದಳಷ್ಟೆ.
ತರಗತಿಯಲ್ಲಿ ಹತ್ತೊಂಬತ್ತರವರೆಗೆ ಮಗ್ಗಿ ಬರುವವಳು
ಅವಳೊಬ್ಬಳೇ ಎಂದು
ನನಗೆ ಆಗ ಹೊಳೆಯಿತು.

ಸೋಮವಾರ ನನಗೆ ಒಪ್ಪತ್ತು.
ಪರ್ಸಿನಲ್ಲಿ ವಿಭೂತಿಯ ಪೊಟ್ಟಣ.
ಲೋಕಲ್ಲಿನಲ್ಲಿ ನಿಂತುಕೊಂಡೇ ನೂರೆಂಟು ಎಣಿಸುವವಳು.
ಆ ದಿನ ಎಣಿಸುತ್ತ
ಹದಿಮೂರರಲ್ಲಿ ಎಡವಿದೆ.
ಮತ್ತೆ ಮೊದಲಿನಿಂದ. ಮತ್ತೆ ಹದಿಮೂರು.

ಶನಿವಾರ ಪಟ ಇಳಿಸಿ
ಹಳೆಯ ದಿಂಬಿನ ಚೀಲದಲ್ಲಿ ಸುತ್ತಿ
ಹಾರ್ಬರ್ ಗಾಡಿ ಹತ್ತಿದೆ.
ದೇವರಿದ್ದಾನೆಂದು ಒಬ್ಬಾಕೆ ಎದ್ದು
ಸೀಟು ಬಿಟ್ಟುಕೊಟ್ಟಳು.
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ
ಕೂತು ಮನೆಗೆ ಹೋದೆ.

"ದೇವರು ಭಾರವಾದನೇನು ನಿಮಗೆ?"
ಎಂದರು ಸಂಜೀವಣ್ಣ.
ಇಲ್ಲ, ನಮ್ಮನೆಯಲ್ಲಿದ್ದಾನೆ, ದಿನಾ ಹೂವಿಡುತ್ತೇನೆ ಎಂದೆ.
"ಹಾಗಾದರೆ ಫ್ಯಾನೂ ನಿಮ್ಮನೆಗೇ ಒಯ್ಯಿರಿ."
ಮತ್ತೆ ಸ್ಟೂಲು ಹತ್ತಿ ಒಂದನ್ನು ಬಿಚ್ಚಿದರು.
ಮೂವತ್ತೊಂದು ಮೋರೆಗಳು ಮೇಲೆ ನೋಡುತ್ತಿದ್ದವು.
ಎರಡನೆಯದರ ಸ್ಕ್ರೂ ಜಾಮ್ ಆಗಿದೆಯೆಂದರು.
ಆಗಿತ್ತೋ ಏನೋ, ನಾನು ಕೇಳಲಿಲ್ಲ.

ಮುಂದಿನ ತಿಂಗಳು ಮಸೀದಿ ಗಲ್ಲಿಯ ಟ್ರಸ್ಟಿನವರು
ಗಡಿಯಾರ ತಂದರು,
ಅಂಕಿಗಳ ನಡುವೆ ಹಸಿರು ಅರಬ್ಬಿ ವಾಕ್ಯ.
ಮೊಳೆ ಹೇಗೂ ಖಾಲಿಯಿದೆಯಲ್ಲ ಎಂದರು.
ಚಹಾ ಕುಡಿಸಿ ಕಳಿಸಿದೆ.
ನಮಗೆ ಗಡಿಯಾರವಿರಲಿಲ್ಲವೆಂಬುದೂ ನಿಜ.
ರಿಹಾನಾ ನನ್ನನ್ನೇ ನೋಡುತ್ತಿದ್ದಳು,
ಏನೋ ಲೆಕ್ಕ ತಾಳೆ ನೋಡುವವಳ ಹಾಗೆ.

ಮೊಳೆ ಅಲ್ಲೇ ಇದೆ.
ಒಮ್ಮೆ ನಕಾಶೆ,
ಒಮ್ಮೆ ಯಾರೋ ಮರೆತ ರೇನ್‌ಕೋಟು, ತೊಟ್ಟಿಕ್ಕುತ್ತ.
ಬಹಳ ದಿನ ಏನೂ ಇಲ್ಲ.
ಸುಣ್ಣ ಬಳಿಯಲು ಬಂದವ ಕೇಳಿದ, ಕೀಳಲೇ?
ಇರಲಿ ಬಿಡು ಎಂದೆ.
ಯಾಕೆಂದು ಹೇಳಲು ಬರಲಿಲ್ಲ.

ಈಗ ಏಳೂ ಹತ್ತಕ್ಕೆ ನೇರ ಹಾಜರಿ.
ತಡವಾಗಿ ಬರುವವನು ಯಂಕೋಬ ಒಬ್ಬ.
ಕೇಳಿದರೆ ನಲ್ಲಿಯಲ್ಲಿ ನೀರು ನಿಂತಿತ್ತು ಎನ್ನುತ್ತಾನೆ.
ನಂಬುತ್ತೇನೆ.
ಕಿವಿಯ ಹಿಂದೆ ಇನ್ನೂ
ಸಾಬೂನಿನ ನೊರೆ.