ಒಂದು ಬಿದ್ದರೆ

ಕೆಮಿ ಪಟ್ಟಣದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು.
ಲಾಂಡ್ರಿ ಕೋಣೆಯ ಪಕ್ಕದ ನೆಲಮಾಳಿಗೆಯಲ್ಲಿ
ನಾವು ಐವರು, ಒಂದು ನಕ್ಷೆ, ಇಪ್ಪತ್ತು ಮುಖದ ದಾಳ,
ಮತ್ತು ಹಿಲ್ಕಾಳ ಕಾಗದದ ತೋಳ.

ತೂರೆ ನಿಯಮ ಓದಿದ, ಕನ್ನಡಕ ಏರಿಸಿ:
ಪ್ರಾಣಿಗೆ ಬೇರೆ ಸರದಿ ಇಲ್ಲ.
ನೀನು ಅಪ್ಪಣೆ ಕೊಟ್ಟರೆ ನಿನ್ನ ಏಟು ಹೋಯಿತು;
ಕೊಡದಿದ್ದರೆ ಅದು ಸುಮ್ಮನೆ ನಿಂತು
ತನ್ನ ಮೈ ಕಾಯ್ದುಕೊಳ್ಳುತ್ತದೆ.
ಬೇಕಿದ್ದರೆ ಇನ್ನೊಂದು ದಾರಿ: ಸ್ವಂತ ಸರದಿ, ಅರ್ಧ ಜೀವ.
ಸತ್ತರೆ? ಒಂದು ರಾತ್ರಿ, ಎಂಟು ಬೆಳ್ಳಿ ನಾಣ್ಯ,
ಬೆಳಗ್ಗೆ ಬೇರೊಂದು ತೋಳ, ಅದೇ ಹೆಸರು.

"ಅದೇ ಹೆಸರಾ?" ಅಂದಳು ಹಿಲ್ಕಾ.
ಹದಿನೇಳು ಚಳಿಗಾಲ ನಾಯಿಬಂಡಿ ಓಡಿಸಿದ ಕೈ
ಕಾಫಿ ಲೋಟ ಕೆಳಗಿಟ್ಟಿತು.
"ನನ್ನ ಮುಂದಾಳು ನಾಯಿ ಒಮ್ಮೆ ನದಿಯ ನಡುವೆ ನಿಂತುಬಿಟ್ಟಿತು.
ಬೈದೆ. ಕೂಗಿದೆ. ಇಳಿದು ಹಗ್ಗ ಜಗ್ಗಿದೆ.
ಕಿವಿ ಹಿಂದಕ್ಕೊತ್ತಿ, ಹೊಟ್ಟೆ ಹಿಮಕ್ಕೆ ಅಂಟಿಸಿ ಕೂತೇ ಇತ್ತು.
ಆಮೇಲೆ ಕೇಳಿಸಿತು,
ಕಾಲಡಿಯ ಮಂಜುಗಡ್ಡೆ ಗಂಟಲು ಸರಿಮಾಡಿಕೊಂಡದ್ದು.
ಅದಕ್ಕೆಲ್ಲಿದೆ ನಿಯಮ, ತೂರೆ?"

ಡ್ರೈಯರ್ ತಿರುಗುತ್ತಿತ್ತು, ಯಾರದೋ ಗುಂಡಿ ಟಕಟಕ.
ಅವನು ಪುಟದ ಅಂಚಿಗೆ ಪೆನ್ಸಿಲಲ್ಲಿ ಬರೆದ:
ದಾಳದಲ್ಲಿ ಒಂದು ಬಿದ್ದರೆ ಪ್ರಾಣಿ ಮಾತು ಕೇಳದು;
ಏಕೆಂದು ಆಟ ನಡೆಸುವವನೇ ಹೇಳಬೇಕು.

ಏಳು ವಾರ ಒಂದು ಬೀಳಲಿಲ್ಲ. ಮರೆತೇಬಿಟ್ಟಿದ್ದೆವು.

ನಿನ್ನೆ, ಖಾಲಿ ಎಂದು ಅವನೇ ಆಣೆಯಿಟ್ಟಿದ್ದ ಗುಹೆ.
"ನಡಿ" ಅಂದಳು ತೋಳಕ್ಕೆ. ದಾಳ ಉರುಳಿ,
ಬಿಸ್ಕತ್ತಿನ ತಟ್ಟೆಗೆ ಬಡಿದು, ನಿಂತಿತು.
ಒಂದು.

ಎಲ್ಲರೂ ತೂರೆಯ ಮುಖ ನೋಡಿದೆವು.
ಅವನು ಗುಹೆಯ ಬಾಯಿಯನ್ನು ನೋಡುತ್ತಿದ್ದ.