ನಡಾವಳಿ, ವಿಷಯ ಏಳು

ಕೊಟಬಾಟೊ. ಎರಡು ಸಮಿತಿ, ಒಂದೇ ಮೇಜು.
ಶಾಂತಿಯವರು ಕಿಟಕಿಯ ಕಡೆ,
ಅಭಿವೃದ್ಧಿಯವರು ಫ್ಯಾನಿನ ಕೆಳಗೆ.
ಬರೆದುಕೊಳ್ಳುವವಳು ನಾನು, ಬಾಗಿಲ ಬಳಿ.

ಗುಂಡು ನಿಲ್ಲಲಿ, ಸೇತುವೆ ಕಟ್ಟೋಣ, ಎಂದರು ಇವರು.
ಸೇತುವೆಯಾಗದೆ ಗುಂಡು ನಿಲ್ಲುವುದೆಲ್ಲಿ, ಎಂದರು ಅವರು.
ಮದುವೆಯಾಗದೆ ಹುಚ್ಚು ಬಿಡದು,
ಹುಚ್ಚು ಬಿಡದೆ ಮದುವೆಯಾಗದು.
‘ಸುದೀರ್ಘವಾಗಿ ಚರ್ಚಿಸಲಾಯಿತು’ ಎಂದು ಬರೆದೆ.

ಹನ್ನೊಂದು ವರ್ಷದಿಂದ ಆ ಹೊಳೆಗೆ
ಸೇತುವೆಯೆಂದರೆ ಸಗೀರಾ ಗಿಯಾಮಲ್, ಅವಳ ದೋಣಿ.
‘ಫಲಾನುಭವಿ’ ಎಂಬ ಚೀಟಿ ಅಂಟಿಸಿಕೊಂಡು
ಕೊನೆಯ ಕುರ್ಚಿಯಲ್ಲಿ ಕೂತಿದ್ದಳು,
ಮಲೋಂಗಿನ ಅಂಚು ಇನ್ನೂ ಒದ್ದೆ.

ಏನಾದರೂ ಹೇಳುವುದಿದೆಯೆ ಎಂದರು, ಊಟದ ಹೊತ್ತಿಗೆ.
ಎದ್ದಳು.
ಸಿಪಾಯಿಯೂ ಬರುತ್ತಾನೆ, ಕಾಡಿನ ಹುಡುಗನೂ ಬರುತ್ತಾನೆ.
ಬಂದೂಕು ಅಡ್ಡ ಮಲಗಿಸಿದರೆ ಅದಕ್ಕೂ ಒಂದಾಳಿನ ಬಾಡಿಗೆ.
ಜಿಪುಣರು, ದಡದಲ್ಲೇ ಬಿಟ್ಟು ಬರುತ್ತಾರೆ.
ಸೇತುವೆ ಬಂದರೆ ನನ್ನ ಹೊಟ್ಟೆಯ ಮೇಲೆ ಹೊಡೆದಂತೆ.
ಆದರೂ ಕಟ್ಟಿ. ರಟ್ಟೆ ಸೋತಿದೆ.

ಇದನ್ನು ಯಾವ ಕಾಲಮ್ಮಿಗೆ ಹಾಕಲಿ,
ಶಾಂತಿಗೋ, ಅಭಿವೃದ್ಧಿಗೋ?
ತಿಳಿಯದೆ ಪೆನ್ನು ಮುಚ್ಚಿದೆ.

ನನ್ನ ಮನೆಯೂ ಆಚೆ ದಡದ್ದೇ.
ಸಂಜೆ ಹತ್ತು ಪೆಸೊ ಕೊಟ್ಟೆ, ಬಾಡಿಗೆ ಐದು.
ಚಿಲ್ಲರೆಯಿಲ್ಲ ಎಂದಳು, ಹುಟ್ಟು ಹಾಕುತ್ತ.
ಸೇತುವೆಯಾದ ಮೇಲೆ ಇಸಕೊ.